ಕಣ್ಣ ಕೆಳಗಿನ ನೆರಳು

ಸೋಮವಾರ ಬೆಳಿಗ್ಗೆ ಬಂದ ದೂರನ್ನು ಓದಿ ಮದ್ದೂರು ಠಾಣೆಯ ರೈಟರ್ ನಕ್ಕುಬಿಟ್ಟ. ಮಕ್ಕಳಿಗೆ ಪೆನ್ಸಿಲ್ಲಿನಲ್ಲಿ ಮುಖ ಬರೆಯುವುದನ್ನು ಕಲಿಸುವ ಕಸ್ತೂರಿರಂಗ ಮೇಷ್ಟ್ರ ಕ್ಲಾಸಿಗೆ ಯಾರೋ ನುಗ್ಗಿ, ಒಂದು ಚಿತ್ರವನ್ನು ರಬ್ಬರಿನಿಂದ ಉಜ್ಜಿದ್ದರು. ಮಂಡ್ಯದ ಪ್ರದರ್ಶನಕ್ಕೆ ಆಯ್ಕೆಯಾಗಿದ್ದ ಚಿತ್ರ. "ರಬ್ಬರಿಗೆಲ್ಲಾ ಕೇಸ್ ಬೇಡ ಮೇಷ್ಟ್ರೇ" ಎಂದು ಇನ್‌ಸ್ಪೆಕ್ಟರ್ ಅಂಕಯ್ಯ ಹೇಳಿ ನೋಡಿದರು. ಮೇಷ್ಟ್ರು ಪಟ್ಟು ಬಿಡಲಿಲ್ಲ; ಎಫ್‌ಐಆರ್ ಆಯಿತು.

ಅಂಕಯ್ಯ ಕಾನ್‌ಸ್ಟೆಬಲ್ ಚಂದನಳನ್ನು ಕರೆದುಕೊಂಡು ಹೋಗಿ ಪಂಚನಾಮೆ ಮಾಡಿದರು. ಬೀಗ ಒಡೆದಿರಲಿಲ್ಲ. ಕೀಲಿಕೈ ಹೂಕುಂಡದ ಕೆಳಗಿರುವುದು ಮಕ್ಕಳಿಗೆ, ಅವರನ್ನು ಬಿಡಲು ಬರುವ ತಾಯಂದಿರಿಗೆ ಮಾತ್ರ ಗೊತ್ತು. ಚಿತ್ರ ಬೆಸಗರಹಳ್ಳಿಯ ದೀಪಿಕ ಎಂಬ ಆರನೇ ಕ್ಲಾಸಿನ ಹುಡುಗಿಯದು, ತಾಯಿಯ ಮುಖ. ಮೂಗುತಿ, ಹಣೆಯ ಗೆರೆ ಎಲ್ಲ ಹಾಗೇ ಇದ್ದವು. ಒಂದು ಕಣ್ಣಿನ ಕೆಳಗೆ ಮಾತ್ರ ಅಳಿಸಿ ಬೆರಳಿನಿಂದ ತೀಡಿದ್ದರು.

"ಇಲ್ಲೇನಿತ್ತು?" ಅಂಕಯ್ಯ ಮೇಷ್ಟ್ರನ್ನು ಕೇಳಿದರು.

"ನೆರಳು ಸಾರ್. ಎಂಥಾ ನೆರಳು ಅಂತೀರಿ! ಇಷ್ಟು ವರ್ಷದಲ್ಲಿ ಒಂದು ಮಗುವೂ ಹಾಗೆ ಹಾಕಿರಲಿಲ್ಲ. ಅದಕ್ಕೇ ಆರಿಸಿದ್ದು."

"ತೀಡಿದ್ದು ಮಕ್ಕಳೇನಾ?"

"ಅಲ್ಲವೇ ಅಲ್ಲ. ಬೆರಳು ತಾಗಿದರೆ ಜಿಡ್ಡು ಹಿಡಿಯುತ್ತೆ. ನಮ್ಮ ಮಕ್ಕಳು ಹತ್ತಿಯಲ್ಲೇ ತೀಡೋದು."

ಅಂಕಯ್ಯ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಹುಡುಗಿ ಒತ್ತಿ ಬರೆದಿದ್ದಳು, ಗೀರಿನ ತಗ್ಗು ಹೋಗಿರಲಿಲ್ಲ.

"ಬೆಳಕು ಬಿದ್ದಿರೋದು ಇದೇ ಕೆನ್ನೆಗೆ. ಇಲ್ಲಿ ನೆರಳು ಎಲ್ಲಿಂದ ಬಂತು ಮೇಷ್ಟ್ರೇ?"

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಹಾಳೆಯ ಮೇಲೆ ಬಗ್ಗಿದರು.

ಬೆಸಗರಹಳ್ಳಿಯಲ್ಲಿ ದೀಪಿಕಳ ತಾಯಿ ಯಶೋದಮ್ಮ ಬಾಗಿಲಿಗೆ ಬಂದಳು. ಕಣ್ಣ ಕೆಳಗಿನ ಏಟು ಹಳದಿಗೆ ತಿರುಗಿ ಇನ್ನೂ ಇತ್ತು.

"ಏನಮ್ಮ ಅದು?"

"ಕೊಟ್ಟಿಗೇಲಿ ಜಾರ್ಬುದ್ದೆ ಸಾ."

ಅಂಕಯ್ಯ ತಾಯಿಯ ಹಿಂದೆ ನಿಂತಿದ್ದ ದೀಪಿಕಳ ಕಡೆ ತಿರುಗಿದರು. "ನೀನು ಏನು ಬರೆದಿದ್ದೆ ಪುಟ್ಟಿ?"

"ಕಾಣೋದ್ನೇ ಬರೀಬೇಕು ಅಂತ ಮೇಷ್ಟ್ರು ಯೋಳವ್ರೆ ಸಾ. ಕಂಡುದ್ದೇ ಬರ್ದೆ."

ಯಶೋದಮ್ಮ ಹೊಸ್ತಿಲಲ್ಲೇ ಕೂತಳು. "ಅಳ್ಸುದ್ದು ನಾನೇ ಸಾ. ಯಜಮಾನ್ರು ಪಟ ನೋಡಕ್ಕೆ ಮಂಡ್ಯಕ್ಕೆ ಬತ್ತೀನಿ ಅಂದ್ರು. ನೋಡುದ್ರೆ ಮಗೀನ ಕೈ ಮುರೀದೆ ಬುಟ್ಟಾರಾ? ಅದು ಪಟ ಬರ್ಯೋದಾದ್ರೂ ಉಳೀಲಿ ಅಂತ..."

"ಅವರ ಮೇಲೆ ಕಂಪ್ಲೇಂಟ್ ಕೊಡಮ್ಮ, ನಾವಿದ್ದೀವಿ" ಎಂದಳು ಚಂದನ.

"ಬುಡವ್ವ. ಜಾರ್ಬುದ್ದೆ ಅಂದ್ನಲ್ಲ."

ಇದ್ದದ್ದು ಒಂದೇ ದೂರು, ಆರೋಪಿ ಒಬ್ಬಳೇ. ಅಕ್ರಮ ಪ್ರವೇಶ ಮತ್ತು ನಷ್ಟದ ಕೇಸಿನಲ್ಲಿ ಚಂದನ ಅವಳನ್ನು ಬಂಧಿಸಿ ಜೀಪಿಗೆ ಹತ್ತಿಸಿದಳು. ಸುದ್ದಿ ಕೇಳಿ ಮೇಷ್ಟ್ರು ದೂರು ವಾಪಸ್ ಪಡೆಯಲು ಓಡಿಬಂದರು. ಎಫ್‌ಐಆರ್ ಅವರ ರಬ್ಬರಿಗೆ ಅಳಿಸುವಂಥದ್ದಲ್ಲ.

ಸಂಜೆ ಗಂಡ ಶಶಿಧರ್ ಬಂದ. ಬಿಳಿ ಅಂಗಿ, ಊರಿನವರ ಜಗಳಕ್ಕೆಲ್ಲ ನ್ಯಾಯ ಹೇಳುವ ಮನುಷ್ಯ. ಮಗಳೂ ಜೊತೆಗಿದ್ದಳು.

"ಜಾಮೀನಿಗೆ ಬೇರೆ ಯಾರಾದರೂ ಇದ್ದಾರೇನಮ್ಮ?" ಅಂಕಯ್ಯ ಎರಡು ಸಲ ಕೇಳಿದರು. ಯಶೋದಮ್ಮ ಇಲ್ಲವೆಂದು ತಲೆಯಾಡಿಸಿದಳು. ಅಂಕಯ್ಯನವರಿಗೆ ತಮ್ಮ ಕೆಲಸದ ಮೇಲೇ ಹೇಸಿಗೆಯಾಯಿತು.

ಶಶಿಧರ್ ಸಹಿ ಹಾಕಿದ. ಮೊಹರಿಗೆ ಕಾಯುತ್ತಾ ಸಾಕ್ಷಿಗೆಂದು ತಂದು ಮೇಜಿನ ಮೇಲಿಟ್ಟಿದ್ದ ಚಿತ್ರವನ್ನು ಎತ್ತಿ, ಅಂಕಯ್ಯ ಹಿಡಿದಿದ್ದಂತೆಯೇ ಬೆಳಕಿಗೆ ಓರೆ ಮಾಡಿ ನೋಡಿದ.

"ಚೆಂದಾಗ್ ಬರ್ದವ್ಳೆ ನನ್ ಮಗ್ಳು" ಎಂದ.

ದೀಪಿಕ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.