ಬೆಳಗ್ಗೆ ಮಾತ್ರ ಕುಣಿಯುವ ಮಾನಿಟರ್

“ಅಪ್ಪಾ, ಕುಳ್ಳಿ ಮತ್ತೆ ಸ್ಕ್ರೀನ್ ಕೆಡಿಸಿದ್ಲು!”

ಅಣ್ಣ ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಕುಳ್ಳಿ ಕೀಬೋರ್ಡಿನಿಂದ ಕೈ ತೆಗೆದಳು. ಅವಳು ಮಾಡುತ್ತಿದ್ದ ಶಾಲೆಯ ನಾಟಕದ ಪೋಸ್ಟರ್ ಮಾನಿಟರಿನಲ್ಲಿ ಅಲೆ ಅಲೆಯಾಗಿ ಬಳುಕುತ್ತಿತ್ತು. ರಾಜನ ಕಿರೀಟ ಒಂದು ಕಡೆ, ಮೂಗು ಇನ್ನೊಂದು ಕಡೆ.

ಅಪ್ಪ ಗಲ್ಲದ ಮೇಲಿನ ಸೋಪಿನ ನೊರೆಯ ಸಮೇತ ಓಡಿಬಂದರು.

“ಮೆತ್ತಗೇ ಒತ್ತಿದ್ದಪ್ಪಾ,” ಎಂದಳು ಕುಳ್ಳಿ.

“ದಿನಾ ಇದೇ ರಾಗ! ಮಧ್ಯಾಹ್ನ ರಿಪೇರಿಯವರ ಹತ್ರ ತಗೊಂಡು ಹೋದ್ರೆ, ಚೆನ್ನಾಗೇ ಇದೆಯಲ್ಲ ಅಂತಾರೆ. ಸಂಜೆ ನಿಮ್ಮಣ್ಣ ಕೂತಾಗ್ಲೂ ಚೆನ್ನಾಗೇ ಇರುತ್ತೆ. ಕೀಬೋರ್ಡ್ ಕುಟ್ಟೋದು ನೀನೊಬ್ಳೇ. ಆಫ್ ಮಾಡು ಮೊದ್ಲು! ಇನ್ನೆರಡು ದಿನ ನೋಡ್ತೀನಿ, ಆಮೇಲೆ ನಿನ್ನ ಟರ್ನ್ ಕಟ್.”

ಅದು ಅಪ್ಪನ ಆಫೀಸಿನಲ್ಲಿ ಬೇಡವಾದ ಹಳೇ ಮಾನಿಟರ್. ಮಕ್ಕಳು ಕಿತ್ತಾಡಬಾರದೆಂದು ಬೆಳಗ್ಗೆ ಕುಳ್ಳಿಗೆ, ಸಂಜೆ ಅಣ್ಣನಿಗೆ ಎಂದು ಅಪ್ಪನೇ ಪಾಲು ಮಾಡಿದ್ದರು.

ಕುಳ್ಳಿಗೆ ಅಳು ಬಂತು. ಪೋಸ್ಟರ್ ಅರ್ಧಕ್ಕೇ ನಿಂತಿತು ಎಂದಲ್ಲ, ತನ್ನ ಮಾತನ್ನು ಯಾರೂ ನಂಬಲಿಲ್ಲವಲ್ಲ ಎಂದು. ಆದರೆ ಅಳುತ್ತಾ ಕೂರುವ ಜಾಯಮಾನ ಅವಳದಲ್ಲ. ಆಫ್ ಮಾಡುವಾಗ ಕೈ ಮಾನಿಟರಿನ ಬೆನ್ನಿಗೆ ತಾಗಿತು. ತಣ್ಣಗೆ ಕೊರೆಯುತ್ತಿತ್ತು! ಮಧ್ಯಾಹ್ನವೆಲ್ಲ ಈ ಮೇಜಿನ ಮೇಲೆ ಬಿಸಿಲು. ಸಂಜೆ ಅಣ್ಣ ಕೂರುವಾಗ ಇದೇ ಬೆನ್ನು ಬೆಚ್ಚಗಿರುತ್ತಿತ್ತು.

ಮರುದಿನ ಬೆಳಗ್ಗೆ ಅವಳು ಕಂಪ್ಯೂಟರ್ ಆನ್ ಮಾಡಿ, ಎರಡೂ ಕೈಗಳ ಮೇಲೆ ಕೂತುಬಿಟ್ಟಳು. ಸ್ಕ್ರೀನ್ ಬಳುಕಿತು. ಆಫ್ ಮಾಡದೆ ಹಾಗೇ ಕಾದಳು. ಅಲೆಗಳು ನಿಧಾನವಾಗಿ ಸಣ್ಣಗಾಗಿ ನಿಂತೇ ಹೋದವು.

“ಅಪ್ಪಾ, ನೋಡಿ! ಬಿಸಿಯಾದ್ರೆ ಸರಿಹೋಗುತ್ತೆ! ನಾನು ಮುಟ್ಟೇ ಇಲ್ಲ!”

ಅಪ್ಪ ಇಣುಕಿದರು. “ಅದನ್ನೇ ನಾನು ಹೇಳ್ತಿರೋದು. ನೀನು ಮುಟ್ಟದಿದ್ರೆ ಚೆನ್ನಾಗೇ ಇರುತ್ತೆ!”

ಕುಳ್ಳಿ ಹಣೆ ಚಚ್ಚಿಕೊಂಡಳು. ಆದರೂ ಪಟ್ಟು ಬಿಡಲಿಲ್ಲ. “ಹಾಗಾದ್ರೆ ನಾಳೆ ಬೆಳಗ್ಗೆ ಅಣ್ಣ ಕೂತ್ಕೊಳ್ಳಲಿ. ನಾನು ಬಾಗಿಲ ಹತ್ರಾನೇ ನಿಂತಿರ್ತೀನಿ.”

ಅಣ್ಣನಿಗೆ ಖುಷಿಯೋ ಖುಷಿ. ಮರುದಿನ ಎದ್ದವನೇ ರಾಜಗಾಂಭೀರ್ಯದಿಂದ ಕುರ್ಚಿಯಲ್ಲಿ ಕೂತು ಒಂದು ಕೀ ಒತ್ತಿದ. ಸ್ಕ್ರೀನ್ ಬಳುಕಿತು. ಅವನು ಚಂಗನೆ ಎದ್ದು ಎರಡೂ ಕೈ ಮೇಲೆತ್ತಿದ.

“ನಾನೇನೂ ಮಾಡಿಲ್ಲಪ್ಪಾ! ನಿಜವಾಗ್ಲೂ!”

“ಓಹೋ, ನೀನೂ ಕುಟ್ಟೋಕೆ ಶುರು ಮಾಡಿದ್ಯಾ?” ಅಪ್ಪ ಹುಬ್ಬು ಗಂಟಿಕ್ಕಿದರು.

ಅಣ್ಣನ ಕಿವಿ ಕೆಂಪಾಯಿತು. ಅವನನ್ನು ರೇಗಿಸಲು ಕುಳ್ಳಿ ಹಿಂದಿನ ದಿನದಿಂದಲೇ ಮಾತು ಹುಡುಕಿಟ್ಟುಕೊಂಡಿದ್ದಳು. ಈಗ ಅವನ ಮುಖ ನೋಡಿ ಒಂದೂ ಹೊರಬರಲಿಲ್ಲ.

“ಅವನೇನೂ ಮಾಡಿಲ್ಲಪ್ಪಾ,” ಎಂದಳು. “ಮಾನಿಟರಿಗೆ ಚಳಿ. ಆಫ್ ಮಾಡ್ಬೇಡಿ, ಸ್ವಲ್ಪ ಕಾಯಿರಿ.”

ಮೂವರೂ ಕಾದರು. ಅಲೆಗಳು ನಿಂತವು. ಅಪ್ಪ ಮಾನಿಟರಿನ ಬೆನ್ನು ಮುಟ್ಟಿ ನೋಡಿದರು.

“ಹೌದಲ್ಲೇ! ಕುಣಿದ ತಕ್ಷಣ ನಾನೇ ಆಫ್ ಮಾಡಿಸಿಬಿಡ್ತಿದ್ದೆ, ಬಿಸಿಯಾಗೋದಾದ್ರೂ ಹೇಗೆ? ತಪ್ಪಾಯ್ತು ಕಣಮ್ಮಾ.”

ಅಪ್ಪ ಒಳಗೆ ಹೋದ ಮೇಲೆ ಅಣ್ಣ ಮೆಲ್ಲಗೆ ಕೇಳಿದ, “ನಿಂಗೂ ಹೀಗೇ ಅನ್ನಿಸ್ತಿತ್ತಾ?”

“ದಿನಾ,” ಎಂದಳು ಕುಳ್ಳಿ. ಆಮೇಲೆ ಕುರ್ಚಿಯಲ್ಲಿ ಅವನಿಗೂ ಅರ್ಧ ಜಾಗ ಬಿಟ್ಟು ಕೂತಳು.