ಹತ್ತು ಸಾವಿರ ವರ್ಷದ ಗಾಜು

ಕರಿಗುಡ್ಡದ ಹೊಟ್ಟೆಯೊಳಗೆ ಚಿರಫಲಕ ಯಂತ್ರ ಇಪ್ಪತ್ತಮೂರನೆಯ ಫಲಕವನ್ನು ಕೊರೆಯುತ್ತಿತ್ತು. ಫಲಕವೆಂದರೆ ಅಂಗೈಯಗಲದ ಗಾಜಿನ ಬಿಲ್ಲೆ. ಅದರೊಳಗೆ ಬೆಳಕಿನ ಸೂಜಿಯಿಂದ ಕಣ್ಣಿಗೆ ಕಾಣದ ಚುಕ್ಕಿಗಳನ್ನು ಚುಚ್ಚಿ, ರಾಜ್ಯದ ದತ್ತಸಂಚಯವನ್ನೆಲ್ಲ, ಅಂದರೆ ಯಾರು ಹುಟ್ಟಿದರು, ಯಾರು ಸತ್ತರು, ಯಾವ ಹೊಲ ಯಾರದು ಎಂಬುದನ್ನೆಲ್ಲ, ವರ್ಷಕ್ಕೊಮ್ಮೆ ನಕಲು ಮಾಡಿಡುವುದು ಯಂತ್ರದ ಕೆಲಸ. ಬೆಂಕಿ ಸುಡದು, ನೀರು ನೆನೆಸದು, ಗೆದ್ದಲು ಹತ್ತದು. ಫಲಕದ ಆಯುಸ್ಸು ಹತ್ತು ಸಾವಿರ ವರ್ಷ. ಅದಕ್ಕೆಂದು ಕಟ್ಟಿದ ಭಂಡಾರದ ಸೂರು ಮಾತ್ರ ಹನ್ನೊಂದನೆಯ ವರ್ಷಕ್ಕೇ ಸೋರತೊಡಗಿತ್ತು. ಕೆಳಗೆ ಗುರುಸಿದ್ದವ್ವ ಒಂದು ಬಕೆಟ್ಟು ಇಟ್ಟಿದ್ದಳು.

ಗುರುಸಿದ್ದವ್ವ ಭಂಡಾರದ ಕಾವಲಿನವಳು. ಇಪ್ಪತ್ತೆರಡು ವರ್ಷ ಆ ಕತ್ತಲಲ್ಲಿ, ಯಂತ್ರಕ್ಕೆ ಹಿತವಾದ ಚಳಿಯಲ್ಲಿ, ಸ್ವೆಟರು ಹಾಕಿಕೊಂಡೇ ಕಳೆದಿದ್ದಳು. ಈ ತಿಂಗಳ ಮೂವತ್ತೊಂದಕ್ಕೆ ನಿವೃತ್ತಿ. ಇಳಕಲ್ಲಿನಲ್ಲಿ ತಂಗಿಯ ಮನೆಯ ಕಟ್ಟೆಯ ಮೇಲೆ ಕೂತು, ಬೆನ್ನಿಗೆ ಬಿಸಿಲು ಬೀಳುವಂತೆ ಅವರೆಕಾಯಿ ಸುಲಿಯಬೇಕು ಎಂಬುದೊಂದೇ ಅವಳ ಆಸೆ. ಅಷ್ಟರಲ್ಲಿ ನೋಟೀಸು ಬಂತು. ಹಿಂದೆಯೇ, ಫಲಕವನ್ನು ಕಂಡುಹಿಡಿದ ಡಾ. ಅನಂತಶಯನರೂ ಬಂದರು.

"ಗುರುಸಿದ್ದಮ್ಮ, ಫಲಕಗಳ ಮೇಲೆ ಪರಕೀಯ ವಸ್ತು ಇದೆ," ಎಂದರು ಅವರು.

"ಪರಕೀಯ ಎಲ್ಲೀದ್ರಿ ಸಾಹೇಬ್ರ? ನಮ್ಮೂರ ಸಂತ್ಯಾಗ ತಂದ ಕುಂಕುಮ ಐತಿ."

"ಆಯುಧ ಪೂಜೆಗೆ ಯಂತ್ರಕ್ಕೆ ಹಚ್ಚಿ, ಬೇಡ ಅನ್ನುವುದಿಲ್ಲ. ಫಲಕಕ್ಕೆ ಯಾಕೆ?"

"ವರ್ಷಕ್ಕೊಂದು ಹೊಸಾದು ಬರತೈತ್ರಿ. ಕುಂಕುಮ ಹಚ್ಚಲಾರದ ಒಳಗ ಹೆಂಗ ಕರಕೊಳ್ಳೂದ್ರಿ?"

ಇದಕ್ಕೆ ವಿಜ್ಞಾನದಲ್ಲಿ ಉತ್ತರವಿರಲಿಲ್ಲ. ಆದರೆ ನಿಯಮದಲ್ಲಿತ್ತು. ಫಲಕಗಳ ಮೇಲೆ ಹೆಸರಿನ ಚೀಟಿಯನ್ನೂ ಅಂಟಿಸಕೂಡದೆಂದು ಅನಂತಶಯನರೇ ಬರೆದಿದ್ದರು. ಅಂಟು ನಲವತ್ತು ವರ್ಷ ಬಾಳುತ್ತದೆ, ಶಾಯಿ ಅರವತ್ತು. ಹತ್ತು ಸಾವಿರ ವರ್ಷದ ವಸ್ತುವಿಗೆ ನಲವತ್ತು ವರ್ಷದ ಚೀಟಿ ಅವಮಾನವಲ್ಲವೇ? ಕಳ್ಳರು ಕದ್ದರೂ ದಕ್ಕಬಾರದೆಂದು ಇನ್ನೊಂದು ಜಾಣತನವನ್ನೂ ಮಾಡಿದ್ದರು: ಪೂರ್ತಿ ಓದಿ ಮುಗಿಸುವ ತನಕ ಅದು ಯಾವ ವರ್ಷದ ಫಲಕವೆಂದು ತಿಳಿಯುವಂತಿಲ್ಲ. ಒಂದನ್ನು ಓದಲು ನಲವತ್ತು ದಿನ. ತೇವ ಒಂದೇ ಕಡೆ ತಾಗದಿರಲೆಂದು ಯಂತ್ರವೇ ಅವುಗಳ ಜಾಗವನ್ನು ವಾರಕ್ಕೊಮ್ಮೆ ಬದಲಿಸುತ್ತಿತ್ತು.

"ಎಲ್ಲ ಒರೆಸಿ. ಒರೆಸಿದ ಮೇಲೆ ನಿಮ್ಮ ನಿವೃತ್ತಿಯ ಕಾಗದಕ್ಕೆ ಸಹಿ ಹಾಕುತ್ತೇನೆ."

ಗುರುಸಿದ್ದವ್ವ ಸೋರುವ ಬಕೆಟ್ಟಿನ ನೀರಿಗೇ ಬಟ್ಟೆ ಅದ್ದಿ ಕೂತಳು. ಎರಡು ಫಲಕ ಒರೆಸಿ ಮೂರನೆಯದಕ್ಕೆ ಕೈ ಹಾಕುವಾಗ ಅನಂತಶಯನರ ಫೋನು ಬಡಿದುಕೊಂಡಿತು. ಮಾತಾಡುತ್ತ ಆಡುತ್ತ ಅವರು ಮೆಟ್ಟಿಲ ಮೇಲೆ ಕುಸಿದು ಕೂತರು.

ಸಂಗತಿ ಇಷ್ಟು. ರಾಜಧಾನಿಯ ದತ್ತಸಂಚಯಕ್ಕೆ ರೋಗ ಹತ್ತಿತ್ತು. ಎಲ್ಲ ತಾರೀಕುಗಳೂ ಒಂದೊಂದಾಗಿ ಜೂನ್ ಒಂದಕ್ಕೆ ತಿರುಗುತ್ತಿದ್ದವು. ಶುರುವಾಗಿ ಎರಡು ವರ್ಷವಾದರೂ ಯಾರೂ ಗಮನಿಸಿರಲಿಲ್ಲ, ಏಕೆಂದರೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಪುಣ್ಯದಿಂದ ಅರ್ಧ ರಾಜ್ಯ ಮೊದಲಿನಿಂದಲೂ ಜೂನ್ ಒಂದರಂದೇ ಹುಟ್ಟಿತ್ತು. ಇವತ್ತು ಇಸವಿಯೂ ಒಂದೇ ಆಗಿ, ತೊಟ್ಟಿಲ ಕೂಸಿಗೂ ಅದರ ಅಜ್ಜಿಗೂ ಸಮವಯಸ್ಸಾದಾಗ ಮಾತ್ರ ಅಧಿಕಾರಿಗಳಿಗೆ ಅನುಮಾನ ಬಂದಿತ್ತು.

"ಮೂರು ವರ್ಷದ ಹಿಂದಿನ ಫಲಕ ಬೇಕಂತೆ. ಅದರಲ್ಲಿ ರೋಗವಿಲ್ಲ," ಎಂದರು ಅನಂತಶಯನರು.

"ಕೊಡ್ರಲ್ಲ ಮತ್ತ."

"ಯಾವುದು ಯಾವ ವರ್ಷದ್ದು ಅನ್ನುವ ಸೂಚಿ ರಾಜಧಾನಿಯಲ್ಲಿದೆ."

"ಕೇಳ್ರಿ ಹಂಗಾರ."

"ಕೇಳಿದೆ." ಅವರು ಫೋನನ್ನು ಜೇಬಿಗಿಳಿಸಿದರು. "ಇಪ್ಪತ್ತೆರಡೂ ಫಲಕ ಜೂನ್ ಒಂದರಂದೇ ಹುಟ್ಟಿವೆಯಂತೆ."

ಗುರುಸಿದ್ದವ್ವ ಅವರ ಮುಖ ನೋಡಿದಳು. ಗುಡ್ಡ ಕೊರೆದು, ಮೂರು ಉಕ್ಕಿನ ಬಾಗಿಲಿಟ್ಟು, ಪೆಟ್ಟಿಗೆಯೊಳಗೆ ಪೆಟ್ಟಿಗೆಯ ಬೀಗದ ಕೈಯನ್ನೇ ಇಟ್ಟು ಮುಚ್ಚಿದ ದೊಡ್ಡ ಮನುಷ್ಯ. ನಗು ಬಂತು, ನುಂಗಿಕೊಂಡಳು. ಕೈಯಲ್ಲಿದ್ದ ಮೂರನೆಯ ಫಲಕವನ್ನು ಒರೆಸದೆ ತೊಡೆಯ ಮೇಲಿಟ್ಟುಕೊಂಡಳು.

"ಇದಕ್ಕ ಅರಿಶಿಣ ಅಷ್ಟ ಐತಿ ನೋಡ್ರಿ. ತಂಗಿ ಮದಿವಿ ವರ್ಷದ್ದು, ಮನ್ಯಾಗ ಅದ ಉಳಿದಿತ್ತು. ಒಂಬತ್ತು ವರ್ಷಾತು. ಆ ಎರಡು ಬೊಟ್ಟಿಂದು ಸೂರು ಸೋರಾಕ ಹತ್ತಿದ ವರ್ಷದ್ದು, ಒಂದು ಬೊಟ್ಟು ಫಲಕಕ್ಕ, ಒಂದು ಬಕೀಟಿಗಂತ ಹಚ್ಚಿದ್ದೆ. ಒರಸಿದ್ವು ಎರಡೂ ಮೊದಲಿನ ಕಾಲದ್ವು, ಚಿಂತಿ ಮಾಡಬ್ಯಾಡ್ರಿ."

"ಮೂರು ವರ್ಷದ ಹಿಂದಿನದು?"

ಅವಳು ತಡಕಾಡಲಿಲ್ಲ. ಎದ್ದು ಹೋಗಿ ಮೂರನೆಯ ಸಾಲಿನಿಂದ ಒಂದು ಫಲಕ ತಂದಳು. ಅದರ ಮೇಲೆ ಕುಂಕುಮವಿರಲಿಲ್ಲ. ವಿಭೂತಿಯ ಮೂರು ಗೆರೆ ಮಾತ್ರ ಇದ್ದವು.

"ಇದ್ರಿ. ನಮ್ಮನಿಯವ್ರು ತೀರಿಕೊಂಡ ವರ್ಷ. ಆ ಹಬ್ಬಕ್ಕ ಕುಂಕುಮದ ಭರಣಿ ಮುಟ್ಟಾಕ ಮನಸ್ಸಾಗಲಿಲ್ಲ."

ಅನಂತಶಯನರು ಅದನ್ನು ಎರಡೂ ಕೈಯಲ್ಲಿ ಇಸಕೊಂಡರು. ಅದನ್ನು ಒರೆಸಿ ಎನ್ನಲಿಲ್ಲ.

ನಲವತ್ತು ದಿನ ಓದುವ ಕೆಲಸ ಅಂದೇ ಶುರುವಾಯಿತು. ಒಂದು ವಾರಕ್ಕೆ ರಾಜಧಾನಿಯಿಂದ ಹೊಸ ಆದೇಶ ಬಂತು. ನೋಟೀಸು ರದ್ದು. ಆದರೆ ಫಲಕಗಳನ್ನು ಗುರುತಿಸಬಲ್ಲ ಏಕೈಕ ಸೂಚಿಯಾದ ಶ್ರೀಮತಿ ಗುರುಸಿದ್ದವ್ವ ಅವರೂ ಭಂಡಾರದ ದಾಖಲೆಯೇ ಆಗಿರುವುದರಿಂದ, ಅವರನ್ನು ನಿಯಮಾನುಸಾರ ಕನಿಷ್ಠ ಹತ್ತು ಸಾವಿರ ವರ್ಷ ಸಂರಕ್ಷಿಸತಕ್ಕದ್ದು.

ಅನಂತಶಯನರು ಅದನ್ನು ತಲೆ ತಗ್ಗಿಸಿಕೊಂಡೇ ಓದಿದರು.

"ನಿಮ್ಮ ಗಾಜು ಹತ್ತು ಸಾವಿರ ವರ್ಷ ಬಾಳ್ಲಿ ಸಾಹೇಬ್ರ," ಎಂದಳು ಗುರುಸಿದ್ದವ್ವ. "ನನಗ ಮೂವತ್ತೊಂದಕ್ಕ ಇಳಕಲ್ ಬಸ್ಸೈತಿ."

ಮಾರನೆಯ ದಿನ ಅವರು ಗುಡ್ಡದ ಕೆಳಗಿನ ಅಂಗಡಿಯಿಂದ ಇನ್ನೂರು ಪುಟದ ಗೆರೆಯ ನೋಟುಬುಕ್ಕೊಂದನ್ನು ತಂದರು. ಭಂಡಾರದ ಬಾಗಿಲಾಚೆ, ಬಿಸಿಲಿನಲ್ಲಿ ಅವಳಿಗೊಂದು ಕುರ್ಚಿ ಹಾಕಿಸಿದರು. ಅವಳು ಹೇಳುತ್ತ ಹೋದಳು. ಮದುವೆ, ಸಾವು, ಸೋರಿಕೆ, ಎಮ್ಮೆ ಈದದ್ದು. ಅವರು ಕಾಗದದ ಮೇಲೆ ಅರವತ್ತೇ ವರ್ಷದ ಶಾಯಿಯಿಂದ ಬರೆದುಕೊಂಡರು. ಕಾಗದಕ್ಕೆ ಗೆದ್ದಲು ಹತ್ತುತ್ತದೆ ಎಂಬ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮೂವತ್ತೊಂದರ ಬೆಳಿಗ್ಗೆ ಗುರುಸಿದ್ದವ್ವ ಸ್ವೆಟರು ಮಡಚಿ ಚೀಲಕ್ಕಿಟ್ಟಳು. ಅನಂತಶಯನರು ಸಹಿ ಹಾಕಿದ ನಿವೃತ್ತಿಯ ಕಾಗದ ಕೊಟ್ಟು, ಹೋಗದೆ ಅಲ್ಲೇ ನಿಂತರು. ಆಮೇಲೆ ನೋಟುಬುಕ್ಕಿನ ಮೊದಲ ಪುಟ ತೆರೆದು ಅವಳ ಮುಂದೆ ಚಾಚಿದರು.

"ಇದು ಹೊಸದು, ಗುರುಸಿದ್ದವ್ವ," ಎಂದರು. "ಒಳಗೆ ಕರೆದುಕೊಳ್ಳಬೇಕಲ್ಲ."

ಅವಳು ಚೀಲದಲ್ಲಿ ಭರಣಿ ಹುಡುಕಿದಳು.