‘ರಾವ್’ ಎಂದದ್ದು ಯಾರಿಗೆ?

"ದೇವ್ ಬರೊ ದೀಸ್ ದೀಂವ್, ಸರ್."

ಕೆಲಸ ಕೇಳಲು ಬಂದ ಒಲಿಂಡಾ ಬಾಗಿಲ ಬಳಿ ನಿಂತು ಮೆಲ್ಲನೆ ಹೇಳಿದಳು. ಮೇಜಿನ ಆಚೆ ಕುಳಿತವನ ಹೆಸರು ಕ್ಲಾರೆನ್ಸ್ ಮತಾಯಸ್, ಊರು ಶಿರ್ವ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ತಮ್ಮವರೇ. ಕೊಂಕಣಿಯಲ್ಲಿ ಶುಭ ಹೇಳದೆ ಇನ್ನೇನು?

ಅವನು ತಲೆ ಎತ್ತಿದ. ಅವಳ ಕಪ್ಪು ಸೀರೆಯ ಮೇಲೆ, ಬರಿದಾದ ಕೈಗಳ ಮೇಲೆ ಒಂದು ಕ್ಷಣ ನಿಂತ ನೋಟವನ್ನು ಥಟ್ಟನೆ ಬೇರೆಡೆಗೆ ತಿರುಗಿಸಿದ.

"ನಮಸ್ಕಾರ. ಕುಳಿತುಕೊಳ್ಳಿ. ಈ ಕಚೇರಿಯಲ್ಲಿ ನಾವು ಕನ್ನಡ ಮಾತಾಡುತ್ತೇವೆ."

ಒಲಿಂಡಾಳ ಕೆನ್ನೆ ಬಿಸಿಯಾಯಿತು!

‘ಎಂಥ ಮನುಷ್ಯ ಇವನು! ಮನೆಮಾತಿನಲ್ಲಿ ಒಂದು ಶುಭ ಹೇಳಿದರೆ ಇವನಿಗೇನು ನಷ್ಟ?’

ತಿರುಗಿ ಹೋಗಿಬಿಡಬೇಕೆನಿಸಿತು. ಆದರೆ ಎಲ್ಲಿಗೆ? ಮದರಾಸಿನ ಬಿ.ಎ. ಪದವಿ ಇತ್ತು. ಗಂಡ ಜೋಕಿಮ್ ಬೊಂಬೈಯಲ್ಲಿ ವಿಷಮಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ಕಾಪುವಿನಲ್ಲಿ ಅತ್ತೆ, ಮೈದುನನ ಸಂಸಾರ. ಆ ಮನೆಯಲ್ಲಿ ಯಾರೂ ಅವಳಿಗೆ ಒಂದು ಬಿರುಸು ಮಾತು ಆಡಿದವರಲ್ಲ. ಆದರೂ ಬೆಳಗಾದರೆ ಸಂಜೆಯಾಗುವುದು ಯಾಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಅಳು ಕೂಡ ಬರುವುದು ನಿಂತಿತ್ತು.

ಕುಳಿತಳು. ಕನ್ನಡದಲ್ಲಿ ಉತ್ತರ ಕೊಟ್ಟಳು. ಕೆಲಸ ಸಿಕ್ಕಿತು.

ಅದು ೧೯೬೧ನೇ ಇಸವಿ. ಮಣಿಪಾಲ ದಾಟಿ ಕಾರ್ಕಳದ ದಾರಿಯಲ್ಲಿ ಒಂದು ಬೋಳು ಗುಡ್ಡದ ಮೇಲೆ ಹೊಸ ಕಾಲೇಜು ಏಳಬೇಕಿತ್ತು. ಅದಕ್ಕೆ ದಾನ ಕೂಡಿಸುವ ನಿಧಿ ಕಚೇರಿ ಉಡುಪಿಯಲ್ಲಿ, ಒಂದು ಜವಳಿ ಅಂಗಡಿಯ ಮಹಡಿಯಲ್ಲಿ. ಕಾರ್ಯದರ್ಶಿ ಕ್ಲಾರೆನ್ಸ್, ಲೆಕ್ಕಕ್ಕೆ ವಿಠಲ ರಾವ್, ಈಗ ಒಲಿಂಡಾ. ಬೊಂಬೈ, ಮದರಾಸಿನ ಹೋಟೆಲಿನವರಿಗೆ ಬರೆಯುವುದು, ಊರಿನ ಸ್ಥಿತಿವಂತರ ಮನೆಗೆ ಹೋಗಿ ಕೇಳುವುದು... ಇದೇ ಕೆಲಸ.

"ಬಾಯಮ್ಮ, ಇಲ್ಲಿ ಹೆಚ್ಚು ದಿನ ಯಾರೂ ನಿಲ್ಲುವುದಿಲ್ಲ," ವಿಠಲ ರಾಯರು ಮೊದಲ ದಿನವೇ ಎಚ್ಚರಿಸಿದರು. "ನಿಮಗಿಂತ ಮೊದಲು ಇದ್ದವರು ಒಳ್ಳೆ ಕೆಲಸಗಾರರು. ಕೆಲಸ ಕಲಿತರು, ಹೋದರು. ಸಮಿತಿಯವರಿಗೆ ಎಂತ ಚಿಂತೆ? ಜನ ಸಿಗ್ತದೆ ಅಂತಾರೆ."

"ಮತ್ತೆ ನೀವು ನಿಂತಿದ್ದೀರಲ್ಲ ರಾಯರೇ?"

"ನನ್ನನ್ನು ಬೇರೆ ಯಾರೂ ಕರೆದಿಲ್ಲ ಮಾರಾಯ್ತಿ!"

ಕಾರ್ಕಳದ ಗುಣಪಾಲ ಹೆಗ್ಡೆಯವರ ಮನೆಗೆ ಹೋದ ದಿನ ಎಲ್ಲರಿಗೂ ಅವಳು ಎಂಥ ಕೆಲಸಗಾರ್ತಿಯೆಂದು ಗೊತ್ತಾಯಿತು. ದೊಡ್ಡ ಜೈನ ಮನೆತನ, ಕಲ್ಲಿನ ಕೋರೆಗಳ ಒಡೆಯ. ಕ್ಲಾರೆನ್ಸ್ ಎಷ್ಟೋ ಸಲ ಹೋಗಿ ಬರಿಗೈಯಲ್ಲಿ ಬಂದಿದ್ದ. ಈ ಸಲ ಒಲಿಂಡಾ ಜೊತೆಗಿದ್ದಳು.

"ಪುನಃ ಬಂದಿರಾ?" ಹೆಗ್ಡೆಯವರು ಚಾವಡಿಯಿಂದಲೇ ಗದರಿದರು. "ಕಾಲೇಜಿಗೆ ಕೇಳಲಿಕ್ಕಲ್ವಾ?"

"ಅಲ್ಲ ಹೆಗ್ಡೆಯವರೇ," ಎಂದಳು ಒಲಿಂಡಾ. "ನೀವು ಸಣ್ಣವರಿರುವಾಗ ಶಾಲೆಗೆ ಎಲ್ಲಿಗೆ ಹೋಗ್ತಿದ್ದಿರಿ ಅಂತ ಕೇಳಲಿಕ್ಕೆ."

ಮುದುಕರು ಕೂರಲು ಸನ್ನೆ ಮಾಡಿದರು. ಆಮೇಲೆ ಹೇಳತೊಡಗಿದರು... ಐದನೆಯ ತರಗತಿಗೆ ತಂದೆ ಬಿಡಿಸಿದ್ದು, ಓದುವ ಆಸೆಗೆ ಬಸದಿಯ ಗೋಡೆಯ ಶಾಸನದ ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ಕೂತದ್ದು. ಅವಳು ನಡುವೆ ಒಂದು ಮಾತೂ ಆಡಲಿಲ್ಲ. ಹೊರಡುವಾಗ ಅವರೇ ಕೂಗಿ ನಿಲ್ಲಿಸಿದರು.

"ನನ್ನಲ್ಲಿ ಕಲ್ಲು ಉಂಟು. ನಿಮ್ಮ ಕಾಲೇಜಿಗೆ ಬೇಕಾದಷ್ಟು ಕೊಂಡುಹೋಗಿ."

ಹಿಂದಿರುಗುವ ಬಸ್ಸಿನಲ್ಲಿ ಕ್ಲಾರೆನ್ಸ್ ಹೇಳಿದ.

"ನನಗೆ ಅಲ್ಲಿ ಇದುವರೆಗೆ ಸಿಕ್ಕಿದ್ದು ಬೆಲ್ಲ, ನೀರು ಮಾತ್ರ."

"ಬೆಲ್ಲವಾದರೂ ಕೊಟ್ಟರಲ್ಲ ಸರ್!"

ಅವನು ನಕ್ಕುಬಿಟ್ಟ. ತನ್ನ ತುಟಿಯೂ ಅರಳಿದ್ದು ಗೊತ್ತಾಗಿ ಒಲಿಂಡಾ ಬೆಚ್ಚಿ ಕಿಟಕಿಯ ಕಡೆಗೆ ತಿರುಗಿದಳು. ಎದೆಯೊಳಗೆ ಯಾವುದೋ ಮುಚ್ಚಿದ ಬಾಗಿಲು ಕಿರ್ರೆಂದ ಹಾಗೆ... ಅವಳಿಗೆ ಹೆದರಿಕೆಯಾಯಿತು.

ಅಂದಿನಿಂದ ಬೆಳಿಗ್ಗೆ ಬಸ್ಸು ತಡವಾದರೆ ಅವಳಿಗೆ ಸಿಟ್ಟು ಬರತೊಡಗಿತು. ಸಿಟ್ಟು! ಎಷ್ಟು ಕಾಲವಾಗಿತ್ತು ಅದು ಬಂದು.

ಕ್ಲಾರೆನ್ಸ್ ಮಾತ್ರ ಹಾಗೆಯೇ ಇದ್ದ. ಅವಳ ಮೇಜನ್ನು ಗಾಳಿ ಬರುವ ಕಿಟಕಿಯ ಬಳಿಗೆ ಸರಿಸಿದ. ಕಾಪುವಿನ ಬಸ್ಸು ತಪ್ಪದ ಹಾಗೆ ಸಂಜೆಯ ಕೆಲಸ ಹೊಂದಿಸಿದ. ಆದರೆ ಮಾತು ಅದೇ ಅಚ್ಚುಕಟ್ಟಿನ ಕನ್ನಡ. ‘ದಯವಿಟ್ಟು’, ‘ತಾವು’... ಒಂದು ಕೊಂಕಣಿ ಪದ ತಪ್ಪಿಯೂ ಬೀಳಲಿಲ್ಲ.

ಮಳೆಗಾಲ ಮುಗಿದ ಮೇಲೆ ಬೊಂಬೈಯ ಒಂದು ವಿದ್ಯಾಸಂಸ್ಥೆಯ ಟ್ರಸ್ಟಿ ಊರಿಗೆ ಬಂದವರು ಹೆಗ್ಡೆಯವರ ಕಲ್ಲಿನ ಕಥೆ ಕೇಳಿ ನೇರವಾಗಿ ಒಲಿಂಡಾಳನ್ನೇ ಕಂಡರು. ತಮ್ಮಲ್ಲಿಗೆ ಬಂದರೆ ಎರಡು ಪಾಲು ಸಂಬಳ, ಇರಲು ಕೋಣೆ.

ಬೊಂಬೈ... ಜೋಕಿಮ್‌ನನ್ನು ಮಣ್ಣು ಮಾಡಿದ ಊರು. ಹೋಗಬೇಕೆಂಬ ಆಸೆಯೂ ಇಲ್ಲ, ಬೇಡವೆನ್ನಲು ಒಂದು ಕಾರಣವೂ ಇಲ್ಲ. ‘ಒಂದು ಕಾರಣ... ಒಂದೇ ಒಂದು!’ ಎಂದು ಮನಸ್ಸು ಹಂಬಲಿಸಿತು. ಅವಳು ಕ್ಲಾರೆನ್ಸ್‌ನ ಮೇಜಿನೆದುರು ನಿಂತಳು.

"ಸರ್, ಬೊಂಬೈಯಿಂದ ನನ್ನನ್ನು ಕರೆದಿದ್ದಾರೆ."

ಅವನ ಕೈಯ ಪೆನ್ನು ನಿಂತಿತು.

"ಒಳ್ಳೆಯ ಅವಕಾಶ."

"ನಾನು ಏನು ಮಾಡಲಿ?"

"ನಾನು ಹೇಳಬಾರದು. ನಿಮಗೆ ಒಳ್ಳೆಯದಾಗುವುದಾದರೆ... ಹೋಗಿ."

ಅಷ್ಟೇ! ಬಾಗಿಲು, ಕುರ್ಚಿಗಳ ಹಾಗೆ ತಾನೂ ಒಂದು ಸಾಮಾನು. ಇವಳು ಹೋದರೆ ಇನ್ನೊಬ್ಬಳು ಬಂದಾಳು.

ಅಂದು ಸಂಜೆ ಅವಳು ಮೆಟ್ಟಿಲಿಳಿದು ಅಂಗಳ ದಾಟುತ್ತಿದ್ದಳು. ಗೇಟಿನ ಬಳಿ ವಿಠಲ ರಾಯರು ಸೈಕಲ್ಲಿನ ಬೀಗ ತೆಗೆಯುತ್ತಿದ್ದರು. ಮೇಲೆ ಮಹಡಿಯ ಜಗಲಿಗೆ ಯಾರೋ ಅವಸರದಿಂದ ಬಂದ ಸದ್ದು.

"ರಾವ್!"

ಒಲಿಂಡಾ ತಿರುಗಿ ನೋಡಿದಳು. ಕ್ಲಾರೆನ್ಸ್ ಕಟಕಟೆ ಹಿಡಿದು ನಿಂತಿದ್ದ. ಮುಖ ಕೆಂಪಾಗಿತ್ತು.

ಅವಳು ಗೇಟಿನ ಕಡೆಗೆ ಕೂಗಿದಳು: "ರಾಯರೇ! ಸರ್ ನಿಮ್ಮನ್ನು ಕರೀತಿದ್ದಾರೆ!"

ಮತ್ತೆ ಮೇಲೆ ನೋಡಿದಾಗ ಅವನು ಅವಳನ್ನೇ ನೋಡುತ್ತಿದ್ದ. ಆ ನೋಟ... ಹೊಡೆತ ತಿಂದವನದು. ಮರುಕ್ಷಣ ಒಳಗೆ ಹೋಗಿಬಿಟ್ಟ.

ಆಮೇಲಿನ ದಿನಗಳಲ್ಲಿ ಅವನು ಅವಳ ಮುಖ ನೋಡಿ ಮಾತಾಡಲಿಲ್ಲ.

‘ಇಷ್ಟು ಬೇಗ ಬೇಡವಾದೆನೇ?’ ಎಂದು ನೊಂದ ಒಲಿಂಡಾ ವಾರದ ಕೊನೆಗೆ ನಿರ್ಧಾರ ಹೇಳಿಬಿಟ್ಟಳು. "ಸರ್, ನಾನು ಬೊಂಬೈಗೆ ಹೋಗುತ್ತೇನೆ."

"ಸರಿ. ಸಮಿತಿಗೆ ತಿಳಿಸುತ್ತೇನೆ."

ಸೋಮವಾರ ಬೆಳಿಗ್ಗೆ ಕಾಪುವಿನಲ್ಲಿ ಸಮುದ್ರದ ಗಾಳಿ ಜೋರಾಗಿತ್ತು. ಅವಳು ಬಸ್ಸಿಗೆ ಹೊರಟು ಗದ್ದೆಯ ಹುಣಿಯ ಮೇಲೆ ಅರ್ಧ ದಾರಿ ಹೋಗಿದ್ದಳು. ಹಿಂದಿನಿಂದ ಅತ್ತೆ ಬರ್ತಾ ಬಾಯಿ ಬುತ್ತಿ ಹಿಡಿದು, ಏದುಸಿರು ಬಿಡುತ್ತಾ ಕೂಗಿದರು.

"ರಾವ್ ಗೊ! ರಾವ್!"

ಒಲಿಂಡಾ ನಿಂತಳು.

ಹಾಗೇ ನಿಂತುಬಿಟ್ಟಳು!

ರಾವ್. ನಿಲ್ಲು. ಇರು... ಕೊಂಕಣಿ!

"ಬುತ್ತಿ ಬಿಟ್ಟು ಎಲ್ಲಿಗೆ ಓಡ್ತೀ?" ಅತ್ತೆ ಹತ್ತಿರ ಬಂದು ಬೈಯತೊಡಗಿದರು. "ಏನಾಯಿತು ಗೊ? ಯಾಕೆ ಹಾಗೆ ನೋಡ್ತೀ?"

"ಮಾಂಯ್... ಆ ಕಚೇರಿಯಲ್ಲಿ ಅವರು ವಿಠಲ ರಾಯರನ್ನು ಯಾವಾಗಲೂ ‘ರಾಯರೇ’ ಅಂತಲೇ ಕರೆಯುವುದು. ಒಂದು ದಿನವೂ ‘ರಾವ್’ ಅಂದದ್ದಿಲ್ಲ!"

"ಅವರು ಅಂದರೆ ಯಾರು?"

ಒಲಿಂಡಾಳ ಕಣ್ಣು ತುಂಬಿ ಹರಿಯುತ್ತಿತ್ತು. ಎರಡು ವರ್ಷದಿಂದ ಬಾರದ ಅಳು.

ಬರ್ತಾ ಬಾಯಿ ಸೊಸೆಯ ಮುಖವನ್ನು ಸೆರಗಿನಿಂದ ಒರೆಸಿದರು. ಅವರಿಗೆ ಅರ್ಥವಾಗಿತ್ತು.

"ಆ ಶಿರ್ವದವನಾ? ಒಳ್ಳೆಯ ಮನೆಯವನೇ. ನಾನೂ ಚಿಕ್ಕ ವಯಸ್ಸಿಗೆ ಒಂಟಿಯಾದವಳು ಮಗಾ. ನಿನಗೂ ಹಾಗೆ ಆಗಬೇಕಂತ ನಾನು ಯಾವ ದೇವರನ್ನೂ ಬೇಡಿಕೊಂಡಿಲ್ಲ. ನಡಿ, ಬಸ್ಸು ಬಂತು. ಬುತ್ತಿ ಹಿಡಿ!"

ಕಟಪಾಡಿ, ಉದ್ಯಾವರ... ಬಸ್ಸು ಎಂದಿನಷ್ಟೇ ನಿಧಾನವಾಗಿ ಹೋಯಿತು.

ಕಚೇರಿಯಲ್ಲಿ ಕ್ಲಾರೆನ್ಸ್ ಇರಲಿಲ್ಲ.

"ರಾಯರೇ, ಅವತ್ತು ಸಂಜೆ ಸರ್ ನಿಮ್ಮನ್ನು ಯಾತಕ್ಕೆ ಕರೆದದ್ದು?"

"ಅದಾ? ನೀವು ಕೂಗಿದಿರಿ ಅಂತ ನಾನು ಸೈಕಲ್ ಬಿಟ್ಟು ಮೆಟ್ಟಿಲು ಹತ್ತಿ ಹೋದೆ. ‘ಎಂತ ಸರ್?’ ಅಂದರೆ ‘ಏನಿಲ್ಲ ರಾಯರೇ, ಮನೆಗೆ ಹೋಗಿ’ ಅಂತಾರೆ! ಮೊಣಕಾಲು ನೋವಿನವನನ್ನು ಹಾಗೆ ಹತ್ತಿಸುವುದುಂಟಾ?"

ಒಲಿಂಡಾಳಿಗೆ ನಗುವೋ ಅಳುವೋ ತಿಳಿಯಲಿಲ್ಲ.

"ಆದರೂ ಮೊನ್ನೆ ಶನಿವಾರ ಅವರನ್ನು ಸಮಿತಿಯ ಎದುರು ನೋಡಬೇಕಿತ್ತು ಬಾಯಮ್ಮ!" ರಾಯರ ಧ್ವನಿ ತಗ್ಗಿತು. "ನೀವು ಹೋಗ್ತೀರಿ ಅಂದಾಗ ಅಧ್ಯಕ್ಷರು ‘ಹೋಗಲಿ, ಬೇರೆ ಜನ ಸಿಗ್ತದೆ’ ಅಂದರು. ಅದಕ್ಕೆ ನಮ್ಮ ಸರ್, ‘ಕಲ್ಲು ಕಾರ್ಕಳದಲ್ಲಿ ಸಿಗ್ತದೆ, ಕಲ್ಲನ್ನು ಕೊಡಿಸುವವರು ಸಿಗುವುದಿಲ್ಲ. ಈ ಸಭೆಯಲ್ಲಿ ಅವರಿಗೆ ಒಂದು ಕುರ್ಚಿಯನ್ನಾದರೂ ನಾವು ಕೊಟ್ಟಿದ್ದೇವಾ? ಅವರು ಕೊಡಿಸಿದ್ದನ್ನೆಲ್ಲ ವರದಿಯಲ್ಲಿ ನಮ್ಮ ಹೆಸರಿಗೆ ಹಾಕಿ ಓದಿದ್ದೇವೆ’ ಅಂದರು. ಆ ಮನುಷ್ಯ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು."

"ಆಮೇಲೆ?"

"ನೀವು ನಿಂತರೆ ಸಹಾಯಕ ಕಾರ್ಯದರ್ಶಿ. ಸಭೆಯಲ್ಲಿ ಕೂರುವ ಹಕ್ಕು. ಸಂಬಳ ಬೊಂಬೈಯಷ್ಟು ಅಲ್ಲ, ಆದರೆ ಹೆಚ್ಚುಂಟು. ಇವತ್ತು ಅವರೇ ನಿಮಗೆ ಹೇಳುವವರಿದ್ದರು. ಗುಡ್ಡದಲ್ಲಿ ಹೆಗ್ಡೆಯವರ ಕಲ್ಲಿನ ಲಾರಿ ಬಂದಿದೆ, ಅಲ್ಲಿಗೆ ಹೋಗಿದ್ದಾರೆ. ನಾನೂ ಅಲ್ಲಿಗೇ ಹೊರಟದ್ದು. ಬರ್ತೀರಾ?"

ಗುಡ್ಡದ ಮೇಲೆ ಬಿಸಿಲು ಹರಡಿತ್ತು. ಕಪ್ಪು ಕಲ್ಲುಗಳನ್ನು ಒಂದೊಂದಾಗಿ ಇಳಿಸುತ್ತಿದ್ದರು. ರಾಯರು ಲಾರಿಯವನೊಡನೆ ಲೆಕ್ಕ ಮಾತಾಡಲು ನಿಂತರು. ಒಲಿಂಡಾ ಅರ್ಧ ಎದ್ದ ಗೋಡೆಯ ಕಡೆಗೆ ನಡೆದಳು. ಕ್ಲಾರೆನ್ಸ್ ಬೆನ್ನು ಹಾಕಿ ನಿಂತಿದ್ದ.

"ದೇವ್ ಬರೊ ದೀಸ್ ದೀಂವ್."

ಅವನು ಗಕ್ಕನೆ ತಿರುಗಿದ.

"ಇದು ಕಚೇರಿ ಅಲ್ಲವಲ್ಲ ಸರ್. ಇಲ್ಲಿ ಕೊಂಕಣಿ ಆಗಬಹುದಾ?"

ಅವನು ಕೊಂಕಣಿಯಲ್ಲೇ ಕೇಳಿದ.

"ಅವತ್ತು... ಅರ್ಥವಾಗಿಯೂ ರಾಯರನ್ನು ಕರೆದದ್ದಲ್ಲವಾ?"

"ದೇವರಾಣೆ ಇಲ್ಲ! ನಿಮ್ಮ ಬಾಯಿಂದ ಕೊಂಕಣಿ ಬರುತ್ತದೆ ಅಂತ ನನಗೆ ಕನಸಾದರೂ ಬೀಳಬೇಕಿತ್ತಲ್ಲ?"

"ನಿಮ್ಮ ಉತ್ತರವೇ ಅದು ಅಂದುಕೊಂಡೆ. ಕಿವಿಗೆ ಹಾಕಿಕೊಳ್ಳಬಾರದೆಂದು ಹಾಗೆ ಮಾಡಿದಿರಿ ಅಂತ..."

"ನನ್ನನ್ನು ಒಂದು ಕುರ್ಚಿಯ ಹಾಗೆ ಬಿಟ್ಟುಬಿಟ್ಟಿರಿ ಅಂತ ನಾನು!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವರು ಯಾರೋ ಗೊತ್ತಾಗಲಿಲ್ಲ.

"ಮೊದಲ ದಿನ ನನಗೆ ಎಷ್ಟು ಅವಮಾನವಾಯಿತು ಗೊತ್ತಾ?" ಎಂದಳು ಒಲಿಂಡಾ.

"ಗೊತ್ತು. ತನ್ನವಳೆಂದು ಕೆಲಸಕ್ಕೆ ತೆಗೆದುಕೊಳ್ಳುತ್ತಾನೆ ಅಂತ ಸಮಿತಿಯಲ್ಲಿ ಆಗಲೇ ಗುಸುಗುಸು ಇತ್ತು. ನಾನು ಕೊಂಕಣಿಯಲ್ಲಿ ಮಾತಾಡಿದ್ದರೆ ನಿಮ್ಮ ಕೆಲಸವನ್ನೆಲ್ಲ ನನ್ನ ದಯೆ ಅಂತಿದ್ದರು. ಅದಕ್ಕೆ ಬಾಯಿ ಕಟ್ಟಿಕೊಂಡೆ."

"ಬೊಂಬೈಗೆ ಹೋಗಿ ಅಂದದ್ದು?"

"ಮೇಲಿನವನು ‘ಇರಿ’ ಅಂದರೆ ಅದು ಅಪ್ಪಣೆ ಆಗುತ್ತದೆ ಒಲಿಂಡಾ. ಇಲ್ಲಿ ನಿಮಗೆ ಒಂದು ಸರಿಯಾದ ಜಾಗ ಕೊಡಿಸದೆ ಯಾವ ಮುಖದಲ್ಲಿ ಇರಿ ಅನ್ನಲಿ? ಆದರೂ ನೀವು ಮೆಟ್ಟಿಲು ಇಳಿಯುವುದನ್ನು ನೋಡಿ... ತಡೆಯಲಾಗಲಿಲ್ಲ. ಬಾಯಿಗೆ ಬಂದದ್ದು ಅದೊಂದೇ ಮಾತು."

ಅವಳು ತಲೆ ತಗ್ಗಿಸಿ ಒಂದು ಕಲ್ಲಿನ ಮೇಲೆ ಬೆರಳಾಡಿಸಿದಳು. ಬಿಸಿಲಿಗೆ ಅದು ಬೆಚ್ಚಗಿತ್ತು.

"ರಾಯರು ಎಲ್ಲ ಹೇಳಿದರು. ಆ ಕುರ್ಚಿ ನನಗೆ ಬೇಕು. ಅದು ನನ್ನ ಕೆಲಸಕ್ಕೆ ಸಿಕ್ಕಿದ್ದು, ಅದಕ್ಕೆ ಉತ್ತರ ಕಚೇರಿಯಲ್ಲಿ ಕನ್ನಡದಲ್ಲಿ ಕೊಡುತ್ತೇನೆ."

"ಮತ್ತೆ ಇನ್ನೊಂದಕ್ಕೆ?"

"ಇನ್ನೊಂದನ್ನು ನೀವು ಸರಿಯಾಗಿ ಕೇಳಲೇ ಇಲ್ಲ. ನಾನು ವಿಧವೆ. ಜೋಕಿಮ್‌ನನ್ನು ಮರೆತುಬಿಡು ಅಂದರೆ ನನ್ನಿಂದ ಆಗುವುದಿಲ್ಲ."

"ಯಾಕೆ ಮರೆಯಬೇಕು? ಅವನ ಮಾತು ನನಗೂ ಹೇಳು."

ಅವತ್ತಿನ ಆ ಒಂದು ‘ರಾವ್’ ಬಿಟ್ಟರೆ ಮೊದಲ ಸಲ ಅವನು ಅವಳನ್ನು ಏಕವಚನದಲ್ಲಿ ಮಾತಾಡಿಸಿದ್ದ.

ಕ್ಲಾರೆನ್ಸ್ ಒಂದು ಹೆಜ್ಜೆ ಹತ್ತಿರ ಬಂದ. ಈ ಸಲ ಅವಳ ಕಣ್ಣನ್ನೇ ನೋಡಿ ಹೇಳಿದ.

"ರಾವ್."

"ಹಾಂ ಸರ್!" ಲಾರಿಯ ಹಿಂದಿನಿಂದ ವಿಠಲ ರಾಯರು ಕೂಗಿದರು. "ಕರೆದಿರಾ?"

"ಇಲ್ಲ ರಾಯರೇ! ನಿಮ್ಮನ್ನಲ್ಲ!"

ಒಲಿಂಡಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು ಅವನ ಮುಖವನ್ನೇ ನೋಡಿದಳು.

"ಈಗ ಕೇಳಿಸಿತು," ಎಂದಳು. "ರಾವ್ತಾಂ. ಇರುತ್ತೇನೆ."